ಬೀರುವಿನಲ್ಲಿಟ್ಟ ಟಿ.ಸಿ.

ಶಾಲೆ ಮುಚ್ಚುತ್ತದಂತೆ ಎಂಬ ಸುದ್ದಿ ಯಾರ ಬಾಯಿಂದ ಮೊದಲು ಉದುರಿತೋ ದೇವರಿಗೇ ಗೊತ್ತು. ಉದುರಿದ್ದು ಮಾತ್ರ ಸೀದಾ ಬಂದು ದರ್ಜಿ ಅಕ್ಕನ ಅಂಗಡಿಯ ಬೆಂಚಿನ ಮೇಲೆ ಕೂತಿತು. ಆ ಬೀದಿಯ ಸುದ್ದಿಗಳಿಗೆಲ್ಲ ಅದೇ ತಂಗುದಾಣ. ಅದರಲ್ಲೂ ಶಾಲೆಯ ವಿಷಯ ಅಂದಮೇಲೆ ಕೇಳಬೇಕೆ? ಮಕ್ಕಳ ನೀಲಿ ಸಮವಸ್ತ್ರ ಹೊಲಿಯುವವಳು ಅವಳು. ಅಲ್ಲಿನ ಹೆಡ್‌ಮಿಸ್ಸು ಅವಳ ಒಡಹುಟ್ಟಿದ ತಂಗಿ. ಅವಳ ಮಗ ಗುಂಡ ಮೂರನೇ ಕ್ಲಾಸು ಓದುತ್ತಿದ್ದದ್ದೂ ಅಲ್ಲೇ.

ಸುದ್ದಿಯಲ್ಲಿ ಅರ್ಧ ನಿಜವಿತ್ತು. ದೊಡ್ಡ ರಸ್ತೆಯ ಆಚೆ ಹೊಸ ಶಾಲೆಯೊಂದು ಎದ್ದಿತ್ತು, ಗಾಜಿನ ಕಿಟಕಿ, ಈಜುಕೊಳ, ಏನು ಕಥೆ! ಹಳೇ ಶಾಲೆಯ ಆಡಳಿತದವರು ತಂಗಿಯನ್ನು ಕರೆದು, ಈಗಿರುವ ಮಕ್ಕಳು ಬರುವ ವರ್ಷವೂ ಉಳಿದರೆ ನಡೆಸುತ್ತೇವೆ, ಇಲ್ಲದಿದ್ದರೆ ಬೀಗ ಹಾಕುತ್ತೇವೆ ಎಂದುಬಿಟ್ಟರು. ಆ ಶಾಲೆಗಾಗಿ ಜೀವ ತೇಯ್ದವಳು ತಂಗಿ. ಅವಳು ತಂದೆತಾಯಂದಿರ ಸಭೆ ಕರೆದಳು. ಮಕ್ಕಳ ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಮಡಿಸಿಕೊಂಡು ಕೂತ ದೊಡ್ಡವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ದರ್ಜಿ ಅಕ್ಕನೇ ಎದ್ದಳು.

"ನಾನಂತೂ ನನ್ನ ಮಗನ್ನ ಬಿಡ್ಸಲ್ಲ. ಬರೋ ವರ್ಷದ ಸಮವಸ್ತ್ರಕ್ಕೆ ಥಾನೂ ತಂದಾಗಿದೆ. ಅನುಮಾನ ಇದ್ರೆ ಅಂಗಡಿಗೆ ಬಂದು ನೋಡ್ಕೊಳ್ಳಿ."

"ಅಕ್ಕ ಇದ್ರೆ ನಾವೂ ಇರ್ತೀವಪ್ಪ" ಎಂದಳು ಬೇಕರಿಯಾಕೆ. ಅವಳ ಹಿಂದೆ ವ್ಯಾನ್ ಡ್ರೈವರು ಕೈ ಎತ್ತಿದ. ಆಮೇಲೆ ಎಲ್ಲ ಕೈಗಳೂ ಎದ್ದವು. ತಂಗಿ ಕರಿಹಲಗೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ಜನ ಥಾನು ನೋಡಲು ಬಂದೇ ಬಂದರು. ಗುಂಡಿ ಹಾಕಿಸುವ ನೆಪ, ಜಿಪ್ ಕೆಟ್ಟ ನೆಪ. ನೀಲಿ ಬಟ್ಟೆ ಮೇಜಿನ ಮೇಲಿರುವುದನ್ನು ಕಣ್ಣಾರೆ ಕಂಡು ಸಮಾಧಾನದಿಂದ ಮನೆಗೆ ಹೋದರು. ಅಕ್ಕನಿಗೂ ಒಳಗೊಳಗೇ ಹೆಮ್ಮೆ.

ಅವಳ ಗಂಡ ಬಸ್ ಕಂಡಕ್ಟರ್. ಒಂದು ಸಂಜೆ ಶೂ ಬಿಚ್ಚುತ್ತಾ ಶುರು ಮಾಡಿದ.

"ಒಂದ್ ಮಾತು ಹೇಳ್ತೀನಿ, ಸಿಟ್ಟು ಮಾಡ್ಕೋಬೇಡ. ದಿನಾ ಬಸ್ಸಲ್ಲಿ ನೋಡ್ತೀನಿ. ಎಲ್ರೂ ಕೂತೇ ಇದ್ರೆ ಸ್ಟಾಪ್ ಬಂದ್ಮೇಲೆ ಎಲ್ರೂ ಆರಾಮಾಗಿ ಇಳೀಬಹುದು. ಆದ್ರೆ ಒಬ್ಬ ಮುಂಚೆನೇ ಎದ್ದು ಬಾಗಿಲ ಹತ್ರ ನಿಂತ ಅನ್ನು, ಪಕ್ಕದೋನೂ ಏಳ್ತಾನೆ. ಅವನನ್ನ ನೋಡಿ ಇಡೀ ಬಸ್ಸೇ ಏಳುತ್ತೆ. ಕೂತೇ ಇದ್ದೋನಿಗೆ ಇಳಿಯೋಕೇ ಜಾಗ ಇರಲ್ಲ."

"ಅದಕ್ಕೀಗ?"

"ಹೊಸ ಶಾಲೇಲಿ ಸೀಟು ಇರೋದೇ ಸ್ವಲ್ಪ. ಎಲ್ರೂ ಇಲ್ಲೇ ನಿಂತ್ರೆ ಎಲ್ರಿಗೂ ಒಳ್ಳೇದು, ಒಪ್ತೀನಿ. ನಾವು ನಿಂತು, ಅವರೆಲ್ಲ ಹೋಗ್ಬಿಟ್ರೆ ಗುಂಡನ ಗತಿ?"

"ಎಲ್ರೂ ಮಾತು ಕೊಟ್ಟಿದಾರೆ ಕಣ್ರೀ."

"ನೀನೂ ಕೊಟ್ಟಿದೀಯ. ಆದ್ರೂ ನಾನು ಹೇಳ್ತಿದೀನಲ್ಲ? ಅವರ ಮನೇಲೂ ಒಬ್ಬೊಬ್ಬ ಕಂಡಕ್ಟರ್ ಇರ್ತಾನೆ ಬಿಡು" ಎಂದು ನಕ್ಕ.

ಅವನೇನೋ ನಕ್ಕು ಉಂಡು ಮಲಗಿದ. ಅಕ್ಕನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮರುದಿನದಿಂದ ಬಂದವರ ಮುಖ ಓದುವುದೇ ಅವಳಿಗೆ ಕೆಲಸವಾಯಿತು. ಬೇಕರಿಯಾಕೆ ಮಗಳ ಅಳತೆ ಕೊಡಲು "ಇನ್ನೊಂದು ವಾರ ತಡೀರಿ ಅಕ್ಕ" ಎಂದಳು. ಯಾಕೆ ತಡೀಬೇಕು? ವಾರದಲ್ಲಿ ಏನು ನಡೆಯಲಿದೆ? ವ್ಯಾನ್ ಡ್ರೈವರು ನಮಸ್ಕಾರ ಹೇಳದೆ ಹೋದ. ಇವನೂ ಬಾಗಿಲ ಹತ್ತಿರ ನಿಂತವನೇ ಇರಬೇಕು! ಹೊಸ ಶಾಲೆಯಲ್ಲಿ ಟಿ.ಸಿ. ಕೊಟ್ಟವರಿಗೆ ಮಾತ್ರ ಸೀಟು ಎಂದು ಬೇರೆ ಕೇಳಿದ್ದಳು. ತೆಗೆದು ಇಟ್ಟುಕೊಂಡರೆ ತಪ್ಪೇನು? ಕೊಡುವುದು ಬೇಡ, ಬೀರುವಿನಲ್ಲಿ ಸುಮ್ಮನೆ ಇರಲಿ.

ತಂಗಿ ಪಾಠದಲ್ಲಿದ್ದ ಹೊತ್ತು ನೋಡಿ ಅವಳು ಶಾಲೆಯ ಗುಮಾಸ್ತರ ಮುಂದೆ ನಿಂತಳು. ಅವರ ಮಗಳೂ ಅದೇ ಶಾಲೆಯವಳು.

"ಗುಂಡಂದು ಒಂದು ಟಿ.ಸಿ. ಬರೀರಿ. ಸಹಿಗೆ ಹೋಗೋ ಕಾಗದಗಳ ಮಧ್ಯೆ ಇಟ್ಬಿಡಿ. ಅವಳು ಏನೂ ಓದಲ್ಲ. ಚಿಕ್ಕಂದಿನಿಂದ್ಲೂ ಅಷ್ಟೇ, ಎಲ್ಲಿ ತೋರಿಸಿದ್ರೆ ಅಲ್ಲಿ ಗೀಚ್ತಾಳೆ."

ಗುಮಾಸ್ತರು ಕನ್ನಡಕ ಹಣೆಗೇರಿಸಿದರು. "ನೀವೇ ತಗೋತಿದೀರಿ ಅಂದ್ಮೇಲೆ..." ಎಂದು ಅಲ್ಲಿಗೇ ನಿಲ್ಲಿಸಿದರು.

"ಸುಮ್ನೆ ಇಟ್ಕೊಳ್ಳೋಕೆ, ಅಷ್ಟೇ."

ಟಿ.ಸಿ. ಬಂತು. ಬೀರುವಿನಲ್ಲಿ ಕಂಬಳಿಯ ಕೆಳಗೆ ಸೇರಿತು. ಅಂದು ಅಕ್ಕನಿಗೆ ಸೊಗಸಾದ ನಿದ್ದೆ.

ವಾರ ಕಳೆಯುವ ಮೊದಲೇ ಗುಮಾಸ್ತರ ಹೆಂಡತಿ ಅಂಗಡಿಗೆ ಬಂದಳು. "ನಮ್ಮ ಹುಡುಗಿ ಸಮವಸ್ತ್ರ ಹೊಲೀಬೇಡಿ. ಹೊಸ ಶಾಲೆಗೆ ಹಾಕಿದ್ವಿ."

ಅಕ್ಕನಿಗೆ ಎಲ್ಲಿತ್ತೋ ಕೋಪ! "ನಾಚ್ಕೆ ಆಗಲ್ವಾ? ಶಾಲೆ ಅನ್ನ ತಿಂದು ಮೊದಲು ನೀವೇ ಓಡೋದಾ? ಕೊಟ್ಟ ಮಾತಿಗೆ ಬೆಲೆ ಬೇಡ್ವಾ?"

"ಅಯ್ಯೋ ಅಕ್ಕಾ, ಈ ಮಾತು ನೀವು ಹೇಳೋದಾ?" ಎಂದು ಆಕೆ ಅರೆಕ್ಷಣ ನಿಂತು ನೋಡಿ ಹೊರಟುಹೋದಳು.

ಅಕ್ಕನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಗುಮಾಸ್ತರು ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಏನೂ ಹೇಳಿರಲಿಲ್ಲ, ಪಾಪ. ಹೇಳುವ ಅಗತ್ಯವೂ ಇರಲಿಲ್ಲ. ಒಳಗಿನ ಮನುಷ್ಯನೇ ಮಗಳನ್ನು ಬಿಡಿಸಿದ ಎಂದಮೇಲೆ ಬೇರೆ ಸಾಕ್ಷಿ ಯಾರಿಗೆ ಬೇಕು? ಎರಡನೇ ದಿನ ಬೇಕರಿಯಾಕೆ ಅಳುಮುಖ ಮಾಡಿಕೊಂಡು ಬಂದಳು. "ಮಗೂಗೆ ಜ್ವರ ಇತ್ತು, ಅದಕ್ಕೇ ಅಳತೆಗೆ ವಾರ ತಡೀರಿ ಅಂದಿದ್ದೆ. ಈಗ ನೋಡಿದ್ರೆ ಗುಮಾಸ್ತರೇ ಹೋದ್ರಂತೆ. ನಾವೊಬ್ರೇ ನಿಂತು ಏನ್ ಮಾಡೋದು ಅಕ್ಕಾ?" ಜ್ವರ! ಬರೀ ಜ್ವರ. ಆಮೇಲೆ ವ್ಯಾನ್ ಡ್ರೈವರು, ಅವನ ವ್ಯಾನಿನ ಮಕ್ಕಳೆಲ್ಲ. ಯಾರೂ ಕೆಟ್ಟವರಲ್ಲ. ಒಬ್ಬೊಬ್ಬರಿಗೂ ಪಕ್ಕದವರು ಎದ್ದಿದ್ದು ಕಂಡಿತ್ತು.

"ಈಗಲಾದ್ರೂ ಟಿ.ಸಿ. ಕೊಟ್ಟು ಬಾ" ಎಂದು ಗಂಡ ಗೋಗರೆದ. ಅಕ್ಕ ಜಗ್ಗಲಿಲ್ಲ. ಅದೊಂದನ್ನು ಮಾಡದೆ ಉಳಿದರಾದರೂ ತಂಗಿಯ ಎದುರು ತಲೆ ಎತ್ತಿ ನಿಲ್ಲಬಹುದು ಎಂದು ಹಟ. ಹೊಸ ಶಾಲೆಯ ಸೀಟುಗಳು ಭರ್ತಿಯಾದವು. ಅವಳು ಥಾನಿನಿಂದ ಒಂದೇ ಒಂದು ಶರ್ಟು ಹೊಲಿದಳು, ಗುಂಡನದು.

ಶಾಲೆಗೆ ಬೀಗ ಬೀಳುವ ಮುನ್ನ, ವರ್ಷದ ಕೊನೆಯ ದಿನ, ಆ ಶರ್ಟು ತೊಡಿಸಿ ಮಗನನ್ನು ಅಲ್ಲಿಗೆ ಕರೆದೊಯ್ದಳು. ತಂಗಿ ಕುರ್ಚಿ ಹತ್ತಿ ಗೋಡೆಯ ಭೂಪಟ ಬಿಚ್ಚುತ್ತಿದ್ದಳು.

"ಎಲ್ರೂ ಹೋದ್ರೂ ನಾನು ಗುಂಡನ್ನ ಬಿಡ್ಸಲಿಲ್ಲ ಕಣೇ. ಮಾತು ಉಳಿಸ್ಕೊಂಡೆ" ಎಂದಳು ಅಕ್ಕ.

ತಂಗಿ ಕೆಳಗಿಳಿದಳು. "ಟಿ.ಸಿ. ಎಲ್ಲಿಟ್ಟಿದೀಯ ಅಕ್ಕಾ?"

"ನಿಂಗೆ... ಗುಮಾಸ್ತರು ಹೇಳಿದ್ರಾ?"

"ಅವರ್ಯಾಕೆ ಹೇಳ್ಬೇಕು? ಸಹಿ ಹಾಕಿದ್ದು ನಾನೇ ತಾನೇ? ಬೇರೆ ಕಾಗದ ಓದಲ್ಲ, ನಿಜ. ಗುಂಡನ ಹೆಸರು ಕಂಡ್ರೆ ಓದ್ದೇ ಇರ್ತೀನಾ?"

"ಮತ್ತೆ ನನ್ನನ್ನ ಕೇಳ್ಬೇಕಿತ್ತು! ಬೈಬೇಕಿತ್ತು!"

"ನೀನಾಗೇ ಹೇಳ್ತೀಯ ಅಂತ ಕಾದೆ. ಅವತ್ತೇ ಆಡಳಿತದವರು ಬಂದು, ಮಕ್ಕಳು ಖಂಡಿತ ನಿಲ್ತಾರಾ, ಈಗ್ಲೇ ಹೇಳಿ, ನಿಲ್ತಾರೆ ಅಂದ್ರೆ ಇವತ್ತೇ ಒಪ್ಪಿಗೆ ಕೊಡ್ತೀವಿ ಅಂದ್ರು. ಅವತ್ತಿಗೆ ಒಂದ್ ಮಗೂನೂ ಹೋಗಿರ್ಲಿಲ್ಲ ಅಕ್ಕಾ. ನಿಲ್ತಾರೆ ಅನ್ನೋಕೆ ಬಾಯಿ ತೆರೆದೆ. ಗುಂಡನ ಟಿ.ಸಿ. ಮೇಜಿನ ಮೇಲೇ ಇತ್ತು." ತಂಗಿ ಸೆರಗಿಗೆ ಕೈಯ ಧೂಳು ಒರೆಸಿಕೊಂಡಳು. "ಗೊತ್ತಿಲ್ಲ ಸಾರ್ ಅಂದ್ಬಿಟ್ಟೆ."

ಅಕ್ಕನಿಗೆ ಅಲ್ಲೇ ನೆಲದ ಮೇಲೆ ಕೂತು ಗೋಳೋ ಎಂದು ಅಳಬೇಕೆನಿಸಿತು. ಕಾಲು ಮಾತ್ರ ಬಗ್ಗಲಿಲ್ಲ. ಬಿಚ್ಚಿದ ಭೂಪಟವನ್ನು ಸುತ್ತುತ್ತಿದ್ದ ಗುಂಡ ಅದನ್ನು ಬಿಟ್ಟು ಓಡಿಬಂದ.

"ಚಿಕ್ಕಮ್ಮಾ, ನನ್ನ ಹೊಸ ಶರ್ಟು ನೋಡಿದ್ಯಾ? ಅಮ್ಮ ದೊಡ್ಡದಾಗೇ ಹೊಲ್ದಿದಾಳೆ."

ತಂಗಿ ಬಗ್ಗಿ ಅವನ ಕಾಲರು ಸರಿಮಾಡಿದಳು. ಅಂಚಿನಲ್ಲಿ ಒಳಗೆ ಮಡಿಸಿಟ್ಟ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಚೆನ್ನಾಗಿದೆ ಕಣೋ" ಎಂದಳು. "ಬರೋ ವರ್ಷಕ್ಕೂ ಆಗುತ್ತೆ."