ಕದರಪ್ಪನ ಕಲ್ಲುಗುಡ್ಡೆ

ದಾರಿಯಲ್ಲಿ ಯಾರಾದರೂ ಅಕಾಲದಲ್ಲಿ ಸತ್ತರೆ, ಆ ಜಾಗದಲ್ಲಿ ಹೋಗಿಬರುವವರು ಒಂದೊಂದು ಕಲ್ಲು ಹಾಕುವುದು ನಮ್ಮೂರಿನ ರೂಢಿ. "ಇಲ್ಲೇ ಇರಪ್ಪ, ನಮ್ ಬೆನ್ ಹತ್ಬ್ಯಾಡ" ಎಂದು ಹೇಳಿ ಹಾಕಬೇಕು. ಮಧುಗಿರಿಯಿಂದ ಮಿಡಿಗೇಶಿಗೆ ಬರುವ ರಸ್ತೆಯಲ್ಲಿ, ನಮ್ಮ ಕೆರೆ ಏರಿಯ ತಿರುವಿನಲ್ಲಿ ಟೈಲರ್ ಕದರಪ್ಪ ಸತ್ತಾಗಲೂ ಹಾಗೇ ಮಾಡಿದೆವು. ಮಧುಗಿರಿಯ ಅಂಗಡಿಯಲ್ಲಿ ಹೊಲಿಗೆ ಮುಗಿಸಿ, ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದ. ಹಿಂದಿನಿಂದ ಬಂದ ಬಸ್ಸು ತಗುಲಿತು. ಆಗ ಯುದ್ಧದ ಕಾಲ, ಪೆಟ್ರೋಲಿಗೆ ಬರ. ಇದ್ದಿಲಿನ ಹೊಗೆಯಲ್ಲಿ ಓಡುವ ಆ ಬಸ್ಸು ದಿಣ್ಣೆ ಹತ್ತುವಾಗ ಏದುಸಿರು ಬಿಡುತ್ತಿತ್ತು, ಇಳಿಜಾರು ಸಿಕ್ಕಿತೋ ಮೈಮೇಲೆ ದೇವರು ಬಂದಂತೆ ಆಡುತ್ತಿತ್ತು.

ಊರಿಗೆ ಮೊದಲ ಸೈಕಲ್ಲು ತಂದವನು ಕದರಪ್ಪ. ಅವನನ್ನು ಕಂಡರೆ ಎಲ್ಲರಿಗೂ ಇಷ್ಟ. ಆ ಇಷ್ಟವನ್ನೆಲ್ಲ ನಾವು ಕಲ್ಲಿನಲ್ಲೇ ತೋರಿಸಿದೆವು. ಗುಡ್ಡೆ ಮೊಣಕಾಲು ದಾಟಿ ಸೊಂಟದೆತ್ತರಕ್ಕೆ ಬಂತು.

ಕಲ್ಲು ಹಾಕದವಳು ಅವನ ಹೆಂಡತಿ ಓಬಕ್ಕ ಒಬ್ಬಳೇ. ಮಕ್ಕಳಿಲ್ಲದ ಹೆಂಗಸು. ದಿನಾ ಸಂಜೆ, ಅವನು ಬರುತ್ತಿದ್ದ ಹೊತ್ತಿಗೆ, ಗುಡ್ಡೆಯ ಮುಂದೆ ನಿಂತು "ಬಾ, ಮನೆಗೋಗಾನ" ಎಂದು ಕರೆಯುತ್ತಿದ್ದಳು. ಮನೆಗೆ ಹೋಗಿ ಎರಡು ತಟ್ಟೆ ಇಡುತ್ತಿದ್ದಳು. ಬಾಗಿಲಿಗೆ ಅಗುಳಿ ಹಾಕುತ್ತಿರಲಿಲ್ಲ.

ಪಟೇಲ ದೊಡ್ಡರಂಗಪ್ಪನವರು ಒಮ್ಮೆ ಬುದ್ಧಿ ಹೇಳಲು ಹೋದರು. "ಸತ್ತೋನು ಬತ್ತಾನೇನಮ್ಮ?"

"ಊರೆಲ್ಲ ಕಲ್ಲಾಕಿ ಅದುಮ್ಬುಟ್ರೆ ಹೆಂಗ್ ಬಂದಾನು ಗೌಡ್ರೆ? ನೀವ್ ಬುಟ್ರಲ್ವಾ ಅವ್ನು ಬರಾದು?"

ಅವಳಿಗೆ ತಲೆ ಕೆಟ್ಟಿದೆಯೆಂದು ನಮ್ಮ ಹೆಂಗಸರು ಆ ಮನೆಯ ಕಡೆ ಹೋಗುವುದನ್ನೇ ಬಿಟ್ಟರು. ಒಬ್ಬಂಟಿಯಾದವಳನ್ನು ಇನ್ನಷ್ಟು ಒಬ್ಬಂಟಿ ಮಾಡುವುದರಲ್ಲಿ ನಾವು ಗಟ್ಟಿಗರು.

ಈ ನಡುವೆ ಊರಲ್ಲಿ ಇನ್ನೂ ನಾಲ್ಕಾರು ಸೈಕಲ್ಲುಗಳಾದವು. ರಸ್ತೆಯ ನಡುವಿನ ಜಲ್ಲಿ ಬಸ್ಸಿಗೆ, ಅಂಚಿನ ಮಣ್ಣು ಸೈಕಲ್ಲಿಗೆ, ನಡೆಯುವವರಿಗೆ. ಗುಡ್ಡೆ ಬೆಳೆದು ಬೆಳೆದು ಆ ಮಣ್ಣನ್ನೆಲ್ಲ ನುಂಗಿತು. ತಿರುವಿಗೆ ಬಂದವರು ನಡುರಸ್ತೆಗೆ ಹೋಗಲೇಬೇಕಾಯಿತು. ಅದು ನಮಗ್ಯಾರಿಗೂ ಹೊಳೆಯಲಿಲ್ಲ.

ಒಂದು ಸಂಜೆ ವೀಳ್ಯದೆಲೆ ಮಾರಿ ಸೈಕಲ್ಲಿನಲ್ಲಿ ಬರುತ್ತಿದ್ದ ಪಾಲಣ್ಣ ಗುಡ್ಡೆ ತಪ್ಪಿಸಲು ಜಲ್ಲಿಗೆ ಹೊರಳಿದ. ಹಿಂದೆಯೇ ಬಸ್ಸು. ಹ್ಯಾಂಡಲ್ ಎಳೆದುಕೊಂಡವನು ಹಾರಿ ಕಲ್ಲುಗಳ ಮೇಲೆ ಬಿದ್ದ. ಬಲಗೈ ಮುರಿಯಿತು, ಹಣೆ ಒಡೆಯಿತು. ಅಲ್ಲೇ ನಿಂತಿದ್ದ ಓಬಕ್ಕ ಸೆರಗು ಹರಿದು ಹಣೆಗೆ ಕಟ್ಟಿದಳು. ಪಾಲಣ್ಣನಿಗೆ ಸೈಕಲ್ಲು ಕಲಿಸಿದವನು ಅವಳ ಗಂಡನೇ.

ಮರುದಿನ ಚಾವಡಿಯಲ್ಲಿ ಊರು ಸೇರಿತು. ಗುಡ್ಡೆ ತೆಗೆಯಬೇಕು ಎನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. ಯಾರು ತೆಗೆಯಬೇಕು ಎಂದಾಗ ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಹಾಕಿದ ಕಲ್ಲು ಕಿತ್ತವನ ಬೆನ್ನು ಕದರಪ್ಪ ಹತ್ತದೆ ಬಿಡುತ್ತಾನೆಯೇ?

ಕಂಬದ ಮರೆಯಿಂದ ಓಬಕ್ಕ ಹೇಳಿದಳು: "ನಾನ್ ಕೀಳ್ತೀನಿ. ನನ್ ಬೆನ್ ಹತ್ಲಿ."

ಹಾಗೆಂದವಳು ಮುಂದೆ ಬಂದು ನಿಂತಳು.

"ಕಿತ್ತ ಕಲ್ನ ಬಿಸಾಕ್ಬ್ಯಾಡಿ. ಜಲ್ಲಿ ಪಕ್ಕುಕ್ಕೆ ಸಾಲಾಗಿ ನೆಡಿ. ಬಸ್ಸು ಆ ಕಡೆ, ಸೈಕಲ್ಲು ಈ ಕಡೆ. ಇನ್ನೊಬ್ಳು ನನ್ನಂಗೆ ನಿಂತ್ಕಳಾದು ಬ್ಯಾಡ."

"ಸರ್ಕಾರದ ರಸ್ತೆ ಕಣಮ್ಮ" ಎಂದರು ಪಟೇಲರು. ಆಮೇಲೆ ಅವರೇ, "ಅಮಲ್ದಾರ್ರು ಕೇಳುದ್ರೆ ನಾನ್ ಯೋಳ್ಕೊಂತೀನಿ, ಬುಡು" ಎಂದರು.

ಬೆಳಿಗ್ಗೆ ಅವಳು ಒಬ್ಬಳೇ ಕೀಳಲು ಶುರುಮಾಡಿದಳು. ನಾವು ದೂರದಲ್ಲಿ ನಿಂತು ನೋಡಿದೆವು, ನಾಚಿಕೆಗೆಟ್ಟವರು. ಬಹಳ ಹೊತ್ತಿನ ಮೇಲೆ ಪಾಲಣ್ಣ ಜೋಲಿಗೆ ಕಟ್ಟಿದ ಕೈಯಲ್ಲೇ ಬಂದು, ಎಡಗೈಯಿಂದ ಒಂದು ಕಲ್ಲೆತ್ತಿದ. ಆಮೇಲೆ ಪಟೇಲರು ಪಂಚೆ ಎತ್ತಿಕಟ್ಟಿದರು. ಆಮೇಲೆ ನಾವೆಲ್ಲರೂ. ಗುಡ್ಡೆಯ ಕಲ್ಲು ಸಾಲದೆ ಬದುಗಳಿಂದ ಗಾಡಿಯಲ್ಲಿ ಹೇರಿ ತಂದೆವು. ಹೊತ್ತು ಇಳಿಯುವಷ್ಟರಲ್ಲಿ ಕೆರೆ ಏರಿಯ ಉದ್ದಕ್ಕೂ ಕಲ್ಲಿನ ಸಾಲು ನಿಂತಿತ್ತು. ಅದನ್ನು ನೋಡಿ ನಮಗೆ ಹೆಮ್ಮೆಯೋ ಹೆಮ್ಮೆ. ನಗುತ್ತ, ಒಬ್ಬರನ್ನೊಬ್ಬರು ಕಿಚಾಯಿಸುತ್ತ ಮನೆಗೆ ಹೊರಟೆವು.

ಓಬಕ್ಕ ಉಳಿದಳು. ಗುಡ್ಡೆ ಇದ್ದ ಕಡೆ ಬರೀ ಮಣ್ಣು. ಎತ್ತ ಮುಖ ಮಾಡಿ ಕರೆಯಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಈಗ್ ತಡ್ಯೋರ್ ಯಾರೂ ಇಲ್ಲ. ಬಾ" ಎಂದಳು.

ಮನೆಗೆ ಹೋಗಿ ಮುದ್ದೆ ಕಟ್ಟಿದಳು. ಎರಡು ತಟ್ಟೆ ಇಟ್ಟು, ಬಾಗಿಲು ಅಗಲವಾಗಿ ತೆರೆದು ಕೂತಳು. ಸಂಜೆಯ ಬಸ್ಸು ಏದುಸಿರು ಬಿಡುತ್ತ ಬಂತು, ಜೊತೆಗೇ ಸೈಕಲ್ಲಿನ ಗಂಟೆಯ ಸದ್ದು. ಅವಳು ಎದ್ದೋಡಿ, ಕೆರೆ ಏರಿ ಕಾಣುವ ಬಾಗಿಲಿಗೆ ಬಂದಳು. ಬಸ್ಸು ಜಲ್ಲಿಯ ಮೇಲೆ ಮುಂದೆ ಹೋಯಿತು. ಕಲ್ಲಿನ ಸಾಲಿನ ಈ ಕಡೆ ಯಾರೋ ಒಬ್ಬ, ಬುತ್ತಿ ಹ್ಯಾಂಡಲಿಗೆ ನೇತುಹಾಕಿಕೊಂಡು, ನಿಧಾನವಾಗಿ ತುಳಿಯುತ್ತ ತನ್ನ ಮನೆಗೆ ಹೋಗುತ್ತಿದ್ದ.

ಅವನು ಕಣ್ಮರೆಯಾಗುವವರೆಗೆ ನೋಡಿದಳು. ಮುದ್ದೆ ಆರಿತು. ಬೇರೆ ಯಾರೂ ಬರಲಿಲ್ಲ. ಕಲ್ಲು ಇದ್ದಷ್ಟು ದಿನ ಗಂಡ ಬಾರದಿರುವುದಕ್ಕೆ ಒಂದು ಕಾರಣವಾದರೂ ಇತ್ತು.

ಎರಡನೆಯ ತಟ್ಟೆಯನ್ನು ಎತ್ತಿ ಗೂಡಿನಲ್ಲಿಟ್ಟಳು. ಬಾಗಿಲು ಮುಚ್ಚಿ ಅಗುಳಿ ಹಾಕಿದಳು.