ದುರ್ಬೀನಿನ ಗಾಜು ಬದಲಿಸಿದವರು ಯಾರು?

ಮಳೆ ನಿಂತು, ಎದುರಿನ ಬೆಟ್ಟ ಕಾಣದಾಗಿ ತಿಂಗಳಾಗಿತ್ತು. ಕಣಿವೆಯ ಅಂಚಿನ ಅಂಗಡಿಸಾಲಿನಲ್ಲಿ ತನ್ನ ಅಂಗಡಿಯ ಮುಂದೆ ದುರ್ಬೀನು ನಿಲ್ಲಿಸಿ, ಬೆಟ್ಟದ ಜಲಪಾತ ತೋರಿಸುವವನ ಹೊಟ್ಟೆಪಾಡು ಅದೇ. ಬಂದವರು ಒಂದು ಕಣ್ಣು ಮುಚ್ಚಿ ನೋಡಿ, "ಏನ್ರೀ, ಬರೀ ಬೂದಿ ಬಣ್ಣ" ಎಂದು ಗೊಣಗಿ ಹೋಗುತ್ತಿದ್ದರು.

ಅವನ ಅನುಮಾನವೆಲ್ಲ ಭಾವಮೈದನ ಮೇಲೆ. ಕನ್ನಡಕದಂಗಡಿ ಇಟ್ಟಿರುವ ಅವನೇ ಹೋದ ತಿಂಗಳು ದುರ್ಬೀನು ಬಿಚ್ಚಿ ಒರೆಸಿಕೊಟ್ಟಿದ್ದ.

"ಒಳ್ಳೆ ಗಾಜು ಎತ್ತಿಟ್ಕೊಂಡು ಕಳಪೆ ಗಾಜು ಹಾಕಿದಾನೆ ನಿನ್ನ ತಮ್ಮ. ಸೋಮವಾರ ಠಾಣೆಗೆ ಹೋಗ್ತೀನಿ," ಎಂದ ಹೆಂಡತಿಗೆ.

"ಹೋಗಿ. ನಾನು ಅವನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ."

ಸುದ್ದಿ ತಿಳಿದು ಭಾವಮೈದನೇ ಬಂದ. ದುರ್ಬೀನನ್ನು ಕೆಳಗಿನ ನೀರಿನ ಟ್ಯಾಂಕಿನತ್ತ ತಿರುಗಿಸಿದ.

"ಭಾವ, ಅಲ್ಲಿ ಬರೆದಿರೋದು ಓದಿ."

"ಎಲ್ಲಾ ಚೆನ್ನಾಗೇ ಕಾಣುತ್ತೆ. ಅದಕ್ಕೇನೀಗ?"

"ಹಂಗಾದ್ರೆ ಗಾಜು ಸರಿ ಇದೆ. ಹತ್ತಿರದ್ದು ಕಾಣುತ್ತೆ, ದೂರದ್ದು ಕಾಣಲ್ಲ ಅಂದ್ರೆ ನಡುವಿನ ಗಾಳೀಲಿ ಹೊಗೆ, ಧೂಳು ತುಂಬಿದೆ ಅಂತ ಅರ್ಥ. ದೂರ ಹೆಚ್ಚಾದಷ್ಟೂ ಕಣ್ಣಿಗೆ ಅಡ್ಡ ಬರೋ ಕಣ ಹೆಚ್ಚು. ಬೆಳಗಿನ ತಣ್ಣನೆ ಹೊತ್ತಲ್ಲಿ ಹೊಗೆ ಮೇಲೇಳಲ್ಲ, ಕಣಿವೇಲೇ ಕೂತುಬಿಡುತ್ತೆ."

"ಹತ್ತಿರದ್ದಷ್ಟೇ ಕಾಣೋ ಗಾಜು ಹಾಕಿದೀನಿ ಅನ್ನು! ನನ್ನ ಕಿವಿ ಮೇಲೆ ಹೂ ಇಡಬೇಡ."

ಭಾನುವಾರ ಸಂಜೆ ಜೋರು ಮಳೆ ಸುರಿಯಿತು. ಸೋಮವಾರ ಬೆಳಗ್ಗೆ ನೋಡಿದರೆ ಬೆಟ್ಟ! ಜಲಪಾತದ ಬಿಳಿ ಗೆರೆಯೂ ಸ್ಪಷ್ಟ.

"ನೋಡಿದ್ಯಾ? ಠಾಣೆ ಅಂದ ತಕ್ಷಣ ಹಳೇ ಗಾಜು ತಂದು ಹಾಕಿದಾನೆ ಕಳ್ಳ!"

"ದುರ್ಬೀನು ನಿಮ್ಮ ಮಂಚದ ಕೆಳಗೇ ಇತ್ತಲ್ರೀ. ನಿಮ್ಮ ಗೊರಕೆ ದಾಟ್ಕೊಂಡು ಯಾರು ಬರ್ತಾರೆ?"

ದಿನದಂತೆ ಅವನು ತನ್ನ ಅಂಗಡಿಯ ಹಿಂದಿನ ಗುಂಡಿಯಲ್ಲಿ ಪ್ಲಾಸ್ಟಿಕ್ ಲೋಟ, ಕವರು, ಎಲೆಕಸಕ್ಕೆ ಬೆಂಕಿ ಇಟ್ಟ. ಸಾಲಿನ ಹದಿನಾಲ್ಕು ಅಂಗಡಿಯವರೂ ಅದೇ ಹೊತ್ತಿಗೆ ಬೆಂಕಿ ಇಡುವುದು ರೂಢಿ. ಆಮೇಲೆ ಬಂದು, ಯಾರೂ ಮುಟ್ಟದಿರಲಿ ಎಂದು ದುರ್ಬೀನು ತಬ್ಬಿಕೊಂಡು, ಅದಕ್ಕೆ ಕಣ್ಣಿಟ್ಟು ನಿಂತ.

ಹೊಗೆ ಮೇಲೇಳಲಿಲ್ಲ. ಮೆಲ್ಲಗೆ ಕಣಿವೆಗಿಳಿದು ಹರಡಿತು. ಅವನು ನೋಡನೋಡುತ್ತಲೇ ಬಿಳಿ ಗೆರೆ ಮಸುಕಾಯಿತು. ಬೆಟ್ಟದ ಮರಗಳು ಹೋದವು. ಬೆಟ್ಟವೂ ಹೋಯಿತು. ದುರ್ಬೀನು ಮಾತ್ರ ಅವನ ಕೈಯಲ್ಲೇ ಇತ್ತು.

ಓಡಿಹೋಗಿ ಗುಂಡಿಗೆ ಎರಡು ಬಿಂದಿಗೆ ನೀರು ಸುರಿದ.

"ಠಾಣೆಗೆ ಹೊರಡಲ್ವಾ?" ಎಂದಳು ಹೆಂಡತಿ.

"ಹೋಗಿ ಯಾರ ಹೆಸರು ಬರೆಸಲಿ? ನಂದೇನಾ?"

ಹೋಗಿದ್ದು ಕನ್ನಡಕದಂಗಡಿಗೆ. "ತಪ್ಪಾಯ್ತು ಕಣಯ್ಯಾ. ಉಳಿದ ಹದಿಮೂರು ಅಂಗಡಿಯವರಿಗೂ ಬೆಂಕಿ ಇಡಬೇಡಿ ಅಂತ ನೀನೇ ಹೇಳು ಬಾ. ನಾನು ಹೇಳಿದ್ರೆ ಜಗಳ ಆಗುತ್ತೆ."

ಈಗ ಅಲ್ಲಿಯ ಕಸ ಕಸದ ಗಾಡಿಗೆ ಹೋಗುತ್ತದೆ. ದುರ್ಬೀನಿನವನ ಅನುಮಾನ ಮಾತ್ರ ಹೋಗಿಲ್ಲ. ದಿನಾ ಬೆಳಗ್ಗೆ ಒಂದೊಂದೇ ಅಂಗಡಿಯ ಹಿಂದೆ ಹೋಗಿ ಮೂಸಿ ನೋಡುತ್ತಾನೆ.

ನೀವೂ ಅನುಮಾನ ಪಡಿ. ಮನೆಯಿಂದ ಕಾಣುವ ದೂರದ ಗುಡ್ಡವನ್ನೋ ಕಟ್ಟಡವನ್ನೋ ಗುರುತಿಟ್ಟುಕೊಳ್ಳಿ. ಅದು ಮಸುಕಾದ ದಿನ ಮಂಜು ಎಂದು ಸುಮ್ಮನಾಗುವ ಮುನ್ನ ಸ್ವಂತ ಹಿತ್ತಲಿಗೆ ಹೋಗಿ ನೋಡಿ. ಬೆಟ್ಟವನ್ನು ಮರೆಮಾಡುವ ಹೊಗೆಯೇ ನಿಮ್ಮ ಮಕ್ಕಳ ಎದೆಗೂ ಇಳಿಯುತ್ತಿದೆ. ಕೈಯಲ್ಲಿರುವ ಬೆಂಕಿಪೊಟ್ಟಣ ಕೆಳಗಿಡಿ. ಕಸ ಸುಡಬೇಡಿ.