ಮರಡಿಗೆ ತಿರುಗಿದ ರಸ್ತೆ

ಕೊಪ್ಪಳದಿಂದ ಯಲಬುರ್ಗಾಕ್ಕೆ ಹೋಗುವ ರಸ್ತೆ ನಮ್ಮೂರ ಹತ್ತಿರ ಬಂದಿತು ಎನ್ನುವಷ್ಟರಲ್ಲಿ, ಮುನಿಸಿಕೊಂಡವರಂತೆ ಕಲ್ಲುಮರಡಿ ಎಂಬ ದಿಬ್ಬದ ಕಡೆ ತಿರುಗಿಬಿಡುತ್ತದೆ. ಊರಿಗೂ ಅದಕ್ಕೂ ಒಂದೂವರೆ ಮೈಲಿ. ಊರವರು ರಸ್ತೆ ಮಾಡಿಸಿದ ಓವರ್ಸಿಯರ್ ಮುರ್ತುಜಾಸಾಬರನ್ನು ಬೈಯುತ್ತಿದ್ದರು. ಆರು ವರ್ಷ ನಾನೂ ಅವರ ಜೊತೆ ಕೂತು ಬೈದೆ.

ತಿರುಗಿಸಿದವನು ನಾನು. ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಸರಪಳಿ, ಕೆಂಪು ಬಾವುಟ ಹಿಡಿದು ಅಳೆಯಲು ಬಂದವರು ನನ್ನ ನಾಲ್ಕು ಎಕರೆಯ ನಡುವೆ ಗೂಟ ಹೊಡೆದರು. ನೆಟ್ಟಗೆ ಹೋಗಿದ್ದರೆ ರಸ್ತೆ ಊರಬಾಗಿಲಿಗೇ ಮುಟ್ಟುತ್ತಿತ್ತು. ಮುರ್ತುಜಾಸಾಬರು, ಪಾಪ, ಮಳೆಗಾಲದಲ್ಲಿ ಈ ನೆಲ ಹೇಗೆಂದು ನನ್ನನ್ನೇ ಕೇಳಿದರು.

“ಎರಿ ಹೊಲರಿ ಸಾಹೇಬ್ರ. ಎಷ್ಟು ಕಲ್ಲು ಹಾಕಿದ್ರೂ ನುಂಗತೈತಿ. ಆ ಮರಡಿ ಕಡಿ ನೆಲ ಗಟ್ಟಿ ಐತಿ ನೋಡ್ರಿ,” ಎಂದೆ.

ಅದೇ ಹೊಲದಲ್ಲಿ ಬಾವಿ ತೋಡುವಾಗ ಮೊಳದಾಳದಲ್ಲೇ ಗಟ್ಟಿ ಗರಸುಕಲ್ಲಿನ ನೆಲ ಸಿಕ್ಕಿದ್ದನ್ನು ಹೇಳಲಿಲ್ಲ. ಹೇಳಿದ್ದರೆ ಹೊಲ ಹೋಗುತ್ತಿತ್ತು. ಸಾಹೇಬರು ಗೂಟ ಕೀಳಿಸಿದರು, ನಾನು ಆ ರಾತ್ರಿ ಹೊಟ್ಟೆ ತುಂಬ ಉಂಡೆ.

ನಲವತ್ತನಾಲ್ಕರ ಶ್ರಾವಣದಲ್ಲಿ ನನ್ನ ಹೆಂಡತಿ ಶಿವಬಸಮ್ಮನಿಗೆ ಜ್ವರ ಹತ್ತಿ ಒಂಬತ್ತು ದಿನವಾದರೂ ಇಳಿಯಲಿಲ್ಲ. ಕೊಪ್ಪಳದ ದವಾಖಾನೆಗೆ ಒಯ್ಯಲೇಬೇಕಿತ್ತು. ಇದ್ದಿಲು ಉರಿಸಿ ಓಡುವ ಬಸ್ಸು ದಿನಕ್ಕೊಂದೇ, ಅದೂ ಮಧ್ಯಾಹ್ನ. ರಸ್ತೆ ಮುಟ್ಟುವ ಮೊದಲೇ ನಮ್ಮ ಬಂಡಿ ಕೆಸರಲ್ಲಿ ಹೂತುಹೋಯಿತು. ಹೊರಸಿನ ಮೇಲೆ ಅವಳನ್ನು ಮಲಗಿಸಿ ನಾವು ನಾಲ್ವರು ಹೆಗಲು ಕೊಟ್ಟೆವು: ನಾನು, ಊರಿನ ಹಂಪಣ್ಣ, ಜಿಲಾನಿ, ಪಕ್ಕದ ಮನೆಯ ಗೋಣೆಪ್ಪ. ಹಿಂದಿನ ಮಳೆಗಾಲದಲ್ಲಿ ಗೋಣೆಪ್ಪನ ಹೆಂಡತಿ ಭೀಮಕ್ಕ ಹೆರಿಗೆಗೆಂದು ಹೊರಟು, ಇದೇ ಕೆಸರಲ್ಲಿ ಹೂತ ಬಂಡಿಯೊಳಗೆ ಸತ್ತಿದ್ದಳು.

ಮೊಳಕಾಲುಮಟ ಕೆಸರು. ಮೈಯಲ್ಲಿ ಕಸುವಿಲ್ಲ, ಮನಸ್ಸಂತೂ ಎಂದೋ ದಣಿದಿತ್ತು.

“ಆ ಓವರ್ಸಿಯರ್ ಮನಿ ಹಾಳಾಗಲಿ,” ಎಂದ ಹಂಪಣ್ಣ.

ಇನ್ನು ತಡೆಯಲಾಗಲಿಲ್ಲ. “ಅವರದೇನೂ ತಪ್ಪಿಲ್ಲ. ಹೊಲದ ಆಸೇಕ್ಕ ನಾನ ಸುಳ್ಳ ಹೇಳಿ ತಿರುಗಿಸಿದ್ದು.”

ಹೊರಸಿನ ಮೇಲಿಂದ ಶಿವಬಸಮ್ಮ ಮೆಲ್ಲಗೆ, “ನನಗೂ ಗೊತ್ತಿತ್ರಿ. ಹೊಲ ಹೋಗತೈತಿ ಅಂತ ನಾನೂ ಸುಮ್ಮನಿದ್ದೆ,” ಎಂದಳು.

ಗೋಣೆಪ್ಪ ನಿಂತುಬಿಟ್ಟ. ಹೊರಸು ಅವನ ಕಡೆ ವಾಲಿತು. ಕೈಬಿಡುತ್ತಾನೆ ಎಂದುಕೊಂಡೆ. ಅವನು ಹೆಗಲು ಬದಲಿಸಿದ. “ಬಸ್ಸಿನ ಹೊತ್ತಾತು, ನಡೀರಿ,” ಎಂದ.

ಬಸ್ಸು ಸಿಕ್ಕಿತು. ಶಿವಬಸಮ್ಮ ಬದುಕಿ ಉಳಿದಳು. ಅವತ್ತು ಅವಳನ್ನು ಎತ್ತಿ ಬಸ್ಸಿನೊಳಗೆ ಮಲಗಿಸಿದವನೂ ಗೋಣೆಪ್ಪನೇ. ಆಮೇಲೆ ಕೆಳಗಿಳಿದು, ರಸ್ತೆಯ ಮೇಲೆ ನಿಂತು, ನನ್ನ ಮುಖ ನೋಡದೆ ಹೇಳಿದ:

“ನಮ್ಮ ಭೀಮಕ್ಕಗ ಇಲ್ಲೀತನಾ ಬರಾಕ ಆಗಲಿಲ್ಲ.”